ಬಿಸಿಲಿನ ಪರವಾಗಿ ಒಬ್ಬರೇ

ಬೊಂಬಾಯಿಯ ಮುಲುಂಡಿನಲ್ಲಿ ಹಳೆಯ ವಸತಿ ಸೊಸೈಟಿಯೊಂದರ ಟೆರೇಸು. ಇನ್ನೂ ಮಬ್ಬು ಹರಿದಿಲ್ಲ. ನೀರಿನ ಟ್ಯಾಂಕಿನ ಪಕ್ಕದಲ್ಲಿ ಬಿಸಿಲಿನಿಂದ ನೀರು ಕಾಯಿಸುವ ಗಾಜಿನ ಪೆಟ್ಟಿಗೆ ಓರೆಯಾಗಿ ಕೂತಿದೆ. ಅದರ ಮುಂದೆ ಕಪ್ಪಂಚಿನ ಬಿಳಿ ಸೀರೆಯ ಹೆಂಗಸೊಬ್ಬರು ರಂಗೋಲಿ ಬಟ್ಟಲು ಹಿಡಿದು ಕಾಯುತ್ತಿದ್ದಾರೆ. ಪೂರ್ವಕ್ಕಿರುವ ಕಡಲ ಹಿನ್ನೀರಿನ ಖಾಡಿಯ ಕಡೆಯಿಂದ ಸೂರ್ಯ ಮೇಲೇರುತ್ತಲೇ ಎದುರಿನ ಹೊಸ ಬಿಲ್ಡಿಂಗಿನ ನೆರಳು, ಸಾರುವೆಯ ಬಿದಿರು ಸಮೇತ, ಟೆರೇಸಿಗೆ ಬಂದು ಬೀಳುತ್ತದೆ. ಅವರು ಬಗ್ಗಿ ನೆರಳಿನ ಅಂಚಿಗೆ ಪುಡಿಯ ಗೆರೆ ಎಳೆಯುತ್ತಾರೆ. ಕಳೆದ ವಾರದ ಗೆರೆ ಅರ್ಧ ಅಳಿಸಿದ್ದರೂ ಕಾಣುತ್ತದೆ. ನೆರಳು ಗೇಣುದ್ದ ಮುಂದೆ ಬಂದಿದೆ.

"ಇನ್ನೆರಡು ಮಹಡಿ ಎದ್ದರೆ ಪೆಟ್ಟಿಗೆ ಪೂರ್ತಿ ನೆರಳಲ್ಲಿ," ಎನ್ನುತ್ತಾರೆ. "ಆಮೇಲೆ ಇದರಲ್ಲಿ ಪಾರಿವಾಳ ಸಾಕಬಹುದು."

ಇವರು ಪಂಕಜಾ ರಾಮಸ್ವಾಮಿ, ವಕೀಲರು. ಈ ಸೊಸೈಟಿಯ ಬಿಸಿಲು ಉಳಿಸಿಕೊಡಿ ಎಂದು ಫೋರ್ಟಿನ ಕೋರ್ಟಿನಲ್ಲಿ ವಾದಿಸಿದ್ದಾರೆ. ಕೇಸು ಮುಗಿಯುವವರೆಗೆ ಎದುರಿನ ಕಟ್ಟಡ ನಿಲ್ಲಬೇಕೋ ಬೇಡವೋ ಎಂಬ ಆದೇಶ ಇವತ್ತು ಮಧ್ಯಾಹ್ನ ಬರಲಿದೆ. ಸೋತರೆ ತಮ್ಮ ಚೇಂಬರಿನ ಕೋಣೆ ಬಿಟ್ಟುಕೊಟ್ಟು, ಬ್ಯಾಂಕ್ ಕಾಗದಗಳ ಹಳೆಯ ಕೆಲಸಕ್ಕೆ ಮರಳುವುದೆಂದು ನಿರ್ಧರಿಸಿದ್ದಾರೆ.

ತಂದೆ ಮೈಸೂರಿನವರು, ರೈಲ್ವೆ ಲೆಕ್ಕಪತ್ರದ ಕೆಲಸಕ್ಕೆಂದು ಬಂದು ಇಲ್ಲೇ ಉಳಿದವರು. ಮಗಳು ಕಾನೂನು ಓದಿ ಸೀನಿಯರ್ ವಕೀಲರೊಬ್ಬರ ಕೈಕೆಳಗೆ ಬ್ಯಾಂಕುಗಳ ಸಾಲದ ಕರಾರು ಬರೆಯುತ್ತಿದ್ದರು. ಎಂಬತ್ಮೂರರಲ್ಲಿ ಮಿಲ್ ಮಾಲೀಕರೊಬ್ಬರು ಬಂದು ಕೇಳಿದರಂತೆ: ಕೊಂಕಣದ ದಂಡೆಯಲ್ಲಿ ಗಾಳಿಯಂತ್ರ ಹಾಕಿದರೆ ಅದರ ಕರೆಂಟು ಸರ್ಕಾರದ ತಂತಿಯಲ್ಲಿ ಹರಿದು ನನ್ನ ಮಿಲ್ಲಿಗೆ ಬರಬಹುದೇ? ಸೀನಿಯರ್ ನಕ್ಕು ಫೈಲನ್ನು ಇವರ ಮೇಜಿಗೆ ಎಸೆದರು. ಆ ಯಂತ್ರ ಕೊನೆಗೂ ನಿಲ್ಲಲಿಲ್ಲ. ಪಂಕಜಾ ಮಾತ್ರ ಅಲ್ಲೇ ನಿಂತುಬಿಟ್ಟರು. ಗಾಳಿ, ಬಿಸಿಲು, ಅವುಗಳಿಂದ ಹುಟ್ಟುವ ಕರೆಂಟು, ಅದರ ಹಕ್ಕು. ಒಂಬತ್ತು ವರ್ಷದಿಂದ ಅದೇ. ವಕೀಲರ ಬಾರ್ ರೂಮಿನಲ್ಲಿ ಇವರಿಗೆ 'ಹವಾ ಬಾಯಿ', ಅಂದರೆ ಗಾಳಿಯಮ್ಮ, ಎಂದು ಹೆಸರಿಟ್ಟಿದ್ದಾರೆ.

"ಬೈದರೆ ಬೇಜಾರಿಲ್ಲ. ಈ ವಿಷಯ ಗೊತ್ತಿರೋರು ಇನ್ನೊಬ್ಬರಿಲ್ಲವಲ್ಲ, ಅದು ಬೇಜಾರು," ಎನ್ನುತ್ತಾರೆ. "ವಕೀಲರಿಗೆ ಎದುರಾಳಿ ಇದ್ದರೆ ಬುದ್ಧಿ ಚುರುಕು. ನಾನು ಮನೇಲಿ ಒಬ್ಬಳೇ ಎರಡೂ ಕಡೆ ವಾದ ಮಾಡ್ತೀನಿ."

"ಗೆಲ್ಲೋದು ಯಾರು?" ಎಂದು ನಾನು ಕೇಳುತ್ತೇನೆ.

"ಅಷ್ಟರಲ್ಲಿ ಕುಕ್ಕರ್ ಕೂಗುತ್ತೆ."

ನನಗೆ ಕಾನೂನು ತಿಳಿಯದು, ಹಪ್ಪಳ ತಿಳಿದೀತು. ಈ ಕೇಸು ನಿಂತಿರುವುದೂ ಹಪ್ಪಳದ ಮೇಲೆಯೇ. ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ ಬಳಸಿದ ಬೆಳಕು ಹಕ್ಕಾಗುತ್ತದೆ ಎಂಬುದು ಹಳೆಯ ಕಾನೂನು. ನೀರಿನ ಪೆಟ್ಟಿಗೆ ಬಂದು ಐದೇ ವರ್ಷ. ಆದರೆ ಮೇಲಿನ ಮಹಡಿಯ ಪುಟ್ಟಲಕ್ಷ್ಮಮ್ಮ ಬಿಲ್ಡಿಂಗಿನ ಹೆಂಗಸರನ್ನೆಲ್ಲ ಸೇರಿಸಿಕೊಂಡು ಅರವತ್ತಾರರಿಂದ ಇದೇ ಟೆರೇಸಿನಲ್ಲಿ ಹಪ್ಪಳ, ಸಂಡಿಗೆ ಒಣಗಿಸುತ್ತಿದ್ದಾರೆ. ಬಿಸಿಲು ಅದೇ, ಕೆಲಸ ಮಾತ್ರ ಬೇರೆ ಎಂಬುದು ಪಂಕಜಾ ಅವರ ವಾದ. ಪುಟ್ಟಲಕ್ಷ್ಮಮ್ಮ ಸಾಕ್ಷಿ.

ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಕೇಳಿದ್ದು ಒಂದೇ ಪ್ರಶ್ನೆ: ಒಂದು ವರ್ಷವೂ ತಪ್ಪಿಸಿಲ್ಲವೇ? ಪುಟ್ಟಲಕ್ಷ್ಮಮ್ಮ ಹೇಳಿಯೇಬಿಟ್ಟರು: "ಎಪ್ಪತ್ತೆಂಟರಲ್ಲಿ ಇಡಲಿಲ್ಲ. ನಮ್ಮೋರು ಹೋದ ವರ್ಷ. ಸಾವಾದ ಮನೇಲಿ ವರ್ಷ ತುಂಬೋತನಕ ಹಪ್ಪಳ ಇಡ್ತಾರೇನಪ್ಪ? ನಾನಿಲ್ಲ ಅಂತ ಇವರ್ಯಾರೂ ಇಡಲಿಲ್ಲ." ಎದುರಿನವರು ಅಲ್ಲಿಗೆ ಲೆಕ್ಕ ಕಡಿದರು. ಇಪ್ಪತ್ತು ವರ್ಷದ ಎಳೆ ತುಂಡಾಯಿತು ಎಂದರು.

ಅಂದಿನಿಂದ ಪುಟ್ಟಲಕ್ಷ್ಮಮ್ಮನಿಗೆ ಊಟ ಸೇರುತ್ತಿಲ್ಲ. ಇವತ್ತೂ ಟೆರೇಸಿನ ಬಾಗಿಲಲ್ಲಿ ಬೀಗದ ಕೈ ಹಿಡಿದು ನಿಂತಿದ್ದಾರೆ. "ನನ್ನ ಬಾಯಿ ಸುಡ. ಇಟ್ಟಿದ್ದೆ ಅನ್ನಬಾರದಿತ್ತೇ?"

"ಹಾಗಂದಿದ್ದರೆ ಗಂಡನ ವರ್ಷಾಬ್ದಿಕದೊಳಗೆ ಸಂಡಿಗೆ ಹಾಕಿದೋಳು ಅಂತ ಬಿಲ್ಡಿಂಗೆಲ್ಲ ಆಡಿಕೊಳ್ತಿತ್ತು," ಎಂದು ಪಂಕಜಾ ನಗುತ್ತಾರೆ. "ನೀವು ಇಡಲಿಲ್ಲ, ಸರಿ. ಬಿಸಿಲು ಬಂದಿತ್ತೋ ಇಲ್ಲವೋ?"

"ಬಿಸಿಲಿಗೇನು ಸೂತಕ? ಅದು ಬಂದೇ ಬರುತ್ತೆ."

"ಅಷ್ಟೇ ನಾನು ಹೇಳಿರೋದು. ಬೇರೆಯವರು ತಡೆದರೆ ಮಾತ್ರ ಅಡ್ಡಿ."

ಹಾಗೆ ಧೈರ್ಯ ಹೇಳಿದವರು ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ವಿ.ಟಿ. ಸ್ಟೇಷನ್ನಿನವರೆಗೂ ಬೆರಳಿಗಂಟಿದ ರಂಗೋಲಿ ಪುಡಿಯನ್ನು ಉಜ್ಜುತ್ತಾ ಕೂರುತ್ತಾರೆ.

ಕೋರ್ಟಿನಲ್ಲಿ ಆದೇಶ ಓದಿ ಮುಗಿಸಲು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಹಿಡಿಯುವುದಿಲ್ಲ. ಸಾವಿನ ಮನೆಯ ವರ್ಷ ಅಡ್ಡಿಯಲ್ಲ. ಕೇಸು ಮುಗಿಯುವವರೆಗೆ ಕಟ್ಟಡ ಈಗಿರುವಷ್ಟಕ್ಕೇ ನಿಲ್ಲಬೇಕು. ಪಂಕಜಾ ತಲೆಬಾಗಿಸಿ ಹೊರಗೆ ಬರುತ್ತಾರೆ. ಕಾರಿಡಾರಿನಲ್ಲಿ ವಕೀಲರು ಗುಂಪು ಗುಂಪಾಗಿ ನಿಂತಿದ್ದಾರೆ. ಯಾರೂ ಇವರನ್ನು ಏನಾಯಿತೆಂದು ಕೇಳುವುದಿಲ್ಲ. ಇವರೂ ಯಾರ ಬಳಿಯೂ ನಿಲ್ಲುವುದಿಲ್ಲ. ಕೆಳಗಿಳಿದು ನೇರ ಉಡುಪಿ ಹೋಟೆಲಿನ ಮೂಲೆಯ ಮೇಜಿಗೆ ಹೋಗುತ್ತಾರೆ. ಅಲ್ಲಿ ಎರಡು ಕುರ್ಚಿ. ಎದುರಿನದರ ಮೇಲೆ ಯಾವಾಗಲೂ ಇವರ ಕಪ್ಪು ಕೋಟು ಕೂರುತ್ತದೆ. ಇವತ್ತು ನಾನಿದ್ದೇನೆಂದು ಕೋಟು ಅವರ ಮಡಿಲಿಗೆ ಹೋಗಿದೆ.

ಅಲ್ಲಿನ ಸಪ್ಲೈಯರ್ ಅಣ್ಣು ಕಾಪುವಿನ ಕಡೆಯವರು. ಕಾಫಿ ಇಡುತ್ತಾ ಕೇಳುತ್ತಾರೆ, "ಇವತ್ತು ಗಾಳಿಯಾ ಮೇಡಂ, ಬಿಸಿಲಾ?"

"ಬಿಸಿಲು, ಅಣ್ಣು. ಗೆದ್ದೆ."

"ಹೌದಾ? ಹಾಗಾದ್ರೆ ಮುಖ ಯಾಕೆ ಮಾರಾಯ್ರೆ ಮೋಡ ಕವಿದ ಹಾಗೆ ಉಂಟು? ಎದುರಿನವರು ಸುಮ್ಮನಾದ್ರಾ?"

"ಇಲ್ಲಪ್ಪ. ಮೇಲಿನ ಕೋರ್ಟಿಗೆ ಹೋಗ್ತಾರಂತೆ. ದೊಡ್ಡ ವಕೀಲರನ್ನ ಇಡ್ತಾರಂತೆ."

ಅಣ್ಣು ಚ್ಚ್ ಚ್ಚ್ ಎಂದು ತಲೆಯಾಡಿಸಿ ಹೋಗುತ್ತಾರೆ. ಚೇಂಬರಿನ ಕೋಣೆ ಉಳಿಯಿತಲ್ಲ, ಇನ್ನೇನು ಆಸೆ ಎಂದು ನಾನು ಕೇಳುತ್ತೇನೆ. ಪಂಕಜಾ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಸುರಿದು ಆರಿಸುತ್ತಾರೆ. ಆಮೇಲೆ ದನಿ ತಗ್ಗಿಸುತ್ತಾರೆ.

"ಪುಟ್ಟಲಕ್ಷ್ಮಮ್ಮನವರಿಗೆ ಹೇಳಬೇಡಿ, ನೊಂದುಕೊಳ್ತಾರೆ. ಆ ದೊಡ್ಡ ವಕೀಲರು ಬರ್ತಾರೆ ಅಂದ ಕೂಡಲೇ ನನಗೆ ಒಳಗೊಳಗೇ ಖುಷಿಯಾಯ್ತು. ನನ್ನನ್ನ ಸೋಲಿಸಬೇಕಾದರೆ ಅವರು ಇದನ್ನೆಲ್ಲ ಓದಲೇಬೇಕಲ್ಲ. ಆಗ ಇಬ್ಬರಾಗ್ತೀವಿ."