ಏಳನೇ ಭಾಗದ ಮಾಟ

ತೆಲುಗು ನಾಡಿನ ಗಡಿಯೂರು ರಾಯದುರ್ಗದ ಈಶ್ವರ್ ಬಳಿ ಎರಡು ಕತ್ತರಿಗಳಿದ್ದವು. ಒಂದು ಹೊಟ್ಟೆಪಾಡಿನದು: ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಅವನು ಕಟಿಂಗ್ ಮಾಸ್ಟರ್. ಇನ್ನೊಂದು ರಜೆ ದಿನದ್ದು: ಧಾರವಾಡದ ವಾರಪತ್ರಿಕೆಯೊಂದಕ್ಕೆ ಪುಸ್ತಕ ವಿಮರ್ಶೆ ಬರೆಯುತ್ತಿದ್ದ. ನಮ್ಮಲ್ಲಿ ವಿಮರ್ಶೆ ಅಂದರೆ ಒಂದೋ ಹಾರ, ಇಲ್ಲವೇ ಎಕ್ಕಡ. ಹಾರ ಹಾಕಿದವನಿಗೆ ಮುಂದಿನ ಪುಸ್ತಕ ಬಿಟ್ಟಿ, ಎಕ್ಕಡ ಎಸೆದವನಿಗೆ ಪುಕ್ಕಟೆ ಹೆಸರು. ಈಶ್ವರ್ ಎರಡನ್ನೂ ಮುಟ್ಟಿದವನಲ್ಲ. ಪೂರ್ತಿ ಓದುತ್ತಿದ್ದ, ಕಂಡದ್ದನ್ನು ಬರೆಯುತ್ತಿದ್ದ. ಶಿವಲಕ್ಷ್ಮಿಯ ಪುಸ್ತಕಗಳು ಎದುರಾಗುವವರೆಗೆ ಅದೇನೂ ಕಷ್ಟವಾಗಿರಲಿಲ್ಲ.

ಶಿವಲಕ್ಷ್ಮಿ ಮಡಕಶಿರದ ಕಡೆಯ ರೈತರ ಮನೆಯ ಹೆಂಗಸು. ರೇಷ್ಮೆಹುಳು ಮೇಯುವುದು ಬಿಟ್ಟು ಪೊರೆ ಕಳಚುವ ಜ್ವರಕ್ಕೆ ಕೂತರೆ ತಾನು ಬರೆಯಲು ಕೂರುವವಳು. ಹಾಗೆ ಕೂತು ಕೂತೇ ‘ಕಾಗೆಕೋಟೆ’ ಎಂಬ ಮಾಯಾಲೋಕದ ಕಾದಂಬರಿಯನ್ನು ಏಳು ಭಾಗ ತಂದಿದ್ದಳು. ಎಂಟನೆಯದು, ಕೊನೆಯದು, ಬರೆದು ಮುಗಿದಿತ್ತು. ಆದರೆ ನಡುವಿನ ಭಾಗಗಳು ಓದುಗರನ್ನು ದಣಿಸಿ ಮಾರಾಟ ಕುಸಿದಿತ್ತು. “ಈಶ್ವರ್ ಏಳನ್ನೂ ಓದಿ ಏನಂತಾರೋ ನೋಡೋಣ, ಆಮೇಲೆ ಎಂಟನೇದರ ಮಾತು” ಎಂದು ಪ್ರಕಾಶಕರು ಕೈ ತೊಳೆದುಕೊಂಡಿದ್ದರು.

ಈಶ್ವರ್ ಕೂಡ ಅಂಥದ್ದೊಂದು ಕಾದಂಬರಿ ಶುರು ಮಾಡಿದ್ದ. ರಾಜಕುಮಾರ ಕುದುರೆ ಹತ್ತಿ ಕೂತಿದ್ದ. ಮಗಳು ಕಾಲೇಜು ಮುಟ್ಟಿದರೂ ಆ ಕುದುರೆ ಮಾತ್ರ ಹೊರಟಿರಲಿಲ್ಲ. ಇಲ್ಲಿ ನೋಡಿದರೆ ಅವನ ಹೆಂಡತಿ ಶಾಂತಕುಮಾರಿ, ಗಂಡನ ವಿಮರ್ಶೆ ಅಚ್ಚಾದ ಪತ್ರಿಕೆಯನ್ನು ಶೇಂಗಾ ಹುರಿದು ಹರವಲು ಹಾಸುವವಳು, ಕಾಗೆಕೋಟೆ ಹಿಡಿದರೆ ಸಾರು ಸೀದದ್ದೂ ಅರಿಯದೆ ಕೂರುತ್ತಿದ್ದಳು. ಸೀದ ಸಾರು ಉಣ್ಣುವಾಗೆಲ್ಲ ಈಶ್ವರ್‌ನ ಹೊಟ್ಟೆಯೊಳಗೆ ಇನ್ನೊಂದು ಒಲೆ ಹೊತ್ತುತ್ತಿತ್ತು.

ಒಂದು ದಿನ ಶಿವಲಕ್ಷ್ಮಿಯೇ ಫೋನ್ ಮಾಡಿದಳು.

“ಅಣ್ಣಾ, ನಾಲ್ಕು, ಐದು, ಆರು ಎಳೆದೆಳೆದು ಬರ್ದಿವ್ನಿ ಅಂತ ನಂಗೇ ಗೊತ್ತೈತೆ. ಬೈಯಂಗಿದ್ರೆ ಬೈದ್‌ಬಿಡಿ. ಇದ್ದಿದ್ ಇದ್ದಂಗೆ ಬರೀರಿ, ಅಷ್ಟೇ ಕಣಣ್ಣ.”

“ಮಾತು ಕೊಟ್ಟೆ ನೋಡಮ್ಮ. ಇದ್ದದ್ದು ಇದ್ದಂಗ.”

ಅತ್ತು ಕರೆದಿದ್ದರೆ ಕನಿಕರವಾದರೂ ಬರುತ್ತಿತ್ತು. ತನ್ನ ತಪ್ಪನ್ನು ತಾನೇ ಹೇಳಿಕೊಂಡು ನಗುವವಳ ಮೇಲೆ ಎಲ್ಲಿ ಹಲ್ಲು ಕಡಿಯುವುದು?

ಓದಲು ಕೂತ. ಮೊದಲ ಮೂರು ಭಾಗ ಒಂದೇ ಥಾನಿನ ಬಟ್ಟೆ, ಬಣ್ಣ ಎಲ್ಲೂ ಹೆಚ್ಚುಕಡಿಮೆಯಿಲ್ಲ. ನಾಲ್ಕರಿಂದ ಥಾನು ಬದಲಾಗಿತ್ತು. ಕಾಗೆಕೋಟೆಗೆ ಯಾರೋ ಮಾಟ ಮಾಡಿಸಿದ್ದಾರೆ. ಅದನ್ನು ಹೂತಿಟ್ಟ ಜಾಗಕ್ಕಾಗಿ ಜನ ಬಾವಿ ಅಗೆದರು, ಹೊಸ್ತಿಲು ಕಿತ್ತರು, ಮೂರು ಭಾಗದ ತುಂಬ ಅಗೆದದ್ದೇ ಅಗೆದದ್ದು. ಈಶ್ವರ್‌ಗೆ ಎಷ್ಟು ಖುಷಿಯಾಯಿತೆಂದರೆ ಎರಡು ಸಲ ಚಹಾ ಕೇಳಿ ಕುಡಿದ. ಇನ್ನೊಬ್ಬರ ಎಡವಟ್ಟು ಓದುವ ಸುಖಕ್ಕೆ ಸಕ್ಕರೆ ಬೇಡ.

ಏಳನೇ ಭಾಗದಲ್ಲಿ ಗಡಿಯಾಚೆಯಿಂದ ಕುರಿ ಹೊಡೆದುಕೊಂಡು ಬಂದ ತೆಲುಗು ಮುದುಕಿಯೊಬ್ಬಳು ಕೋಟೆಯ ಬಾಗಿಲಲ್ಲಿ ನಿಂತು ಕೇಳುತ್ತಾಳೆ: “ಮಾಟ ಐತೆ ಅಂತೀರಲ್ಲಪ್ಪ, ಯಾರು ಯಾರಿಗೆ ಕೊಟ್ಟ ಮಾಟ?” ತೆಲುಗಿನಲ್ಲಿ ಮಾಟ ಎಂದರೆ ಮಾತು. ಕೋಟೆಯನ್ನು ತಿನ್ನುತ್ತಿದ್ದದ್ದು ನಿಂಬೆಹಣ್ಣು, ಗೊಂಬೆಯ ಮಾಟವಲ್ಲ. ಸತ್ತ ಅರಸ ಕುರಿಯವರಿಗೆ ಕೊಟ್ಟು ತಪ್ಪಿದ ಮಾತು. ಮಾತಿಗೆ ತಪ್ಪಿದವನ ಹೆಸರು ಊರಿನ ಬಾಯಿಂದ ಅಳಿದುಹೋಗುತ್ತದೆ. ಅದಕ್ಕೇ ಮೊದಲ ಪುಟದಿಂದಲೂ ಅರಸನಿಗೆ ಹೆಸರಿರಲಿಲ್ಲ!

ಈಶ್ವರ್‌ನ ಮೈಮೇಲೆ ಮುಳ್ಳೆದ್ದವು, ಕಣ್ಣು ತುಂಬಿತು. ಹುಟ್ಟಿದಾಗಿನಿಂದ ಈ ಎರಡು ಮಾಟಗಳನ್ನೂ ಒಂದೇ ಬಾಯಲ್ಲಿ ಆಡಿಕೊಂಡು ಬಂದವನು ಅವನು. ಸಂತೆಯಲ್ಲಿ, ಬಸ್ಸಿನಲ್ಲಿ, ಮೇಜಿನ ಮೇಲೆ ಬಟ್ಟೆ ಹರವುವಾಗ ದಿನಾ ಕಾಲಿಗೆ ತೊಡರುತ್ತಿದ್ದ ಪದ. ಎತ್ತಿಕೊಂಡವಳು ಮಾತ್ರ ಮಡಕಶಿರದವಳು.

ಕಣ್ಣೊರೆಸಿಕೊಂಡು ವಿಮರ್ಶೆ ಬರೆದ. ನಾಲ್ಕು, ಐದು, ಆರನ್ನು ನ್ಯಾಯವಾಗಿಯೇ ಹರಿದ. ಏಳಕ್ಕೆ ಬಂದಾಗ ಹೀಗೆಂದ: “ಲೇಖಕಿಗೆ ಕನ್ನಡದ ಮೇಲೆ ಹಿಡಿತ ತಪ್ಪಿದೆ. ತೆಲುಗಿನ ಪ್ರಭಾವದಿಂದ ‘ಮಾತು’ ಎನ್ನಬೇಕಾದಲ್ಲೆಲ್ಲ ‘ಮಾಟ’ ಎಂದಿದ್ದಾರೆ. ಕರಡು ತಿದ್ದುವವರು ನಿದ್ದೆಗೆ ಜಾರಿರಬೇಕು. ಸರಣಿ ಇಲ್ಲಿಗೇ ನಿಂತರೆ ಕ್ಷೇಮ.” ಧಾರವಾಡದ ಸಂಪಾದಕರಿಗಾಗಲಿ ಓದುಗರಿಗಾಗಲಿ ತೆಲುಗು ಬರುವುದಿಲ್ಲ. ಸಿಕ್ಕಿಬೀಳುವ ಭಯವಿರಲಿಲ್ಲ. ತಿಳಿಯದೆ ತಪ್ಪು ಬರೆಯುವವನು ದಡ್ಡ. ತಿಳಿದೂ ತಿಳಿಯದವನಂತೆ ಬರೆಯುವವನಿಗೆ ಏನನ್ನಬೇಕು?

ಶಾಂತಕುಮಾರಿ ಗಂಡನ ಬರಹ ಓದಿದ್ದು ಅದೇ ಮೊದಲು. ಇನ್ನೂ ಅಂಚೆಗೆ ಹಾಕದ ಹಾಳೆಯಲ್ಲಿ ಕಾಗೆಕೋಟೆಯ ಹೆಸರು ಕಂಡದ್ದಕ್ಕೆ.

“ಏನ್ರಿ ಇದು? ಮಾಟ ಅಂದ್ರ ಏನಂತ ನಿಮಗ ಗೊತ್ತಿಲ್ಲೇನ್ರಿ?”

“ವಿಮರ್ಶೆ ನಿನಗ ತಿಳಿಯಂಗಿಲ್ಲ, ಬಿಡು.”

“ತಿಳಿಯಂಗಿಲ್ಲ, ಹೌದ್ರಿ. ಆ ಮುದುಕಿ ಬಂದ ಹಾಳಿ ಓದಿ ನೀವು ಮೂಗು ಒರಸ್ಕೊಂಡಿದ್ದು ತಿಳಿತೈತಿ. ನೆಗಡಿ ಆಗಿತ್ತೇನು?”

ಈಶ್ವರ್ ಹಾಳೆಗಳನ್ನು ಅವಳ ಕೈಯಿಂದ ತೆಗೆದುಕೊಂಡು ಮಡಚತೊಡಗಿದ.

“ಆ ಹೆಣ್ಮಗಳಿಗೆ ಫೋನ್‌ನಾಗ ಮಾತು ಕೊಟ್ಟಿದ್ದು ನಾನೂ ಕೇಳೀನ್ರಿ. ತಪ್ಪಿದೋರ ಹೆಸರು ಏನಾಗ್ತೈತಿ? ಹೆಂಗೂ ನಿಮ್ಮ ಹೆಸರು ನಾ ಹೇಳಂಗಿಲ್ಲ. ಊರೂ ಹೇಳದಂಗ ಮಾಡ್ಕೋಬ್ಯಾಡ್ರಿ.”

ಗಂಡನ ಹೆಸರು ಬಾಯಿಂದ ಆಡಬಾರದೆಂಬ ಹಳೇ ರೂಢಿಯನ್ನು ಅವಳು ಪಾಲಿಸುತ್ತಿದ್ದಳು. ಆಸ್ಪತ್ರೆಯಲ್ಲಿ ಕೇಳಿದರೂ ಮಗಳ ಕೈಲೇ ಹೇಳಿಸುತ್ತಿದ್ದಳು. ಈಶ್ವರ್ ಅದನ್ನು ಮರ್ಯಾದೆ ಅಂದುಕೊಂಡಿದ್ದ. ಈಗ ಅದೇ ಶಾಪದ ಹಾಗೆ ಕೇಳಿಸಿತು.

ಅವನೇನು ದೊಡ್ಡ ಮನಸ್ಸಿನವನಾಗಿಬಿಡಲಿಲ್ಲ. ಹಲ್ಲು ಕಚ್ಚಿಕೊಂಡೇ ಬರೆದದ್ದನ್ನು ಹರಿದು ಮತ್ತೆ ಬರೆದ. ನಡುವಿನ ಮೂರು ಭಾಗದ ಮೇಲಿನ ಸಿಟ್ಟಿನಲ್ಲಿ ಒಂದು ಅಕ್ಷರವೂ ಕಡಿಮೆಯಾಗಲಿಲ್ಲ: “ಏಳನೆಯದು ಚೆನ್ನಾಗಿದೆಯೆಂದು ಆರನೆಯದರ ಬೇಸರವನ್ನು ಮಾಫಿ ಮಾಡಲಾಗದು.” ಆಮೇಲೆ ಪೆನ್ನು ಬಹಳ ಹೊತ್ತು ನಿಂತಿತ್ತು. “ಏಳನೆಯದು ನಾನು ಬರೆಯಬೇಕಿತ್ತು, ಬರೆಯಲಾಗಲಿಲ್ಲ. ಎರಡೂ ಭಾಷೆ ಆಡುವ ನಮ್ಮೆಲ್ಲರ ಬಾಯಲ್ಲಿ ಬಿದ್ದಿದ್ದ ಪದವನ್ನು ಈಕೆ ಕೀಲಿಕೈ ಮಾಡಿದ್ದಾರೆ. ಎಂಟನೆಯದು ಬರಲೇಬೇಕು.”

ಪತ್ರಿಕೆ ಬಂದ ದಿನ ಶಾಂತಕುಮಾರಿ ಅದನ್ನು ಶೇಂಗಾಕ್ಕೆ ಹಾಸಲಿಲ್ಲ. ಗಂಡನ ಬುತ್ತಿಯ ಜೊತೆ ಯೂನಿಟ್ಟಿಗೆ ತಂದು, ಊಟದ ಹೊತ್ತಿನಲ್ಲಿ ಹೊಲಿಯುವ ಹೆಂಗಸರ ನಡುವೆ ಕೂತು ಗಟ್ಟಿಯಾಗಿ ಓದಿದಳು. ಕಟಿಂಗ್ ಮೇಜಿನ ಹಿಂದೆ ಈಶ್ವರ್ ಕೈಗೆ ಕೆಲಸವಿಲ್ಲದೆ ಸೀಮೆಸುಣ್ಣ ಉಜ್ಜುತ್ತ ನಿಂತಿದ್ದ. ಕೊನೆಯ ಸಾಲು ಮುಗಿಯಿತು. ಕೆಳಗೆ ಅಚ್ಚಾಗಿದ್ದ ಹೆಸರಿನ ಹತ್ತಿರ ಬಂದು ಅವಳು ನಿಂತಳು.

“ಯಾರು ಬರ್ದಿದ್ದು ಅಕ್ಕಾ?” ಎಂದಳು ಪಕ್ಕದ ಸುನೀತಾ.

“ನಮ್ಮನೆಯವರು” ಎಂದು ಶಾಂತಕುಮಾರಿ ಸೆರಗಿನಲ್ಲಿ ನಕ್ಕಳು.

“ಈಶ್ವರ್ ಮಾಸ್ಟರಾ!” ಎಂದು ನಾಲ್ಕಾರು ಬಾಯಿ ಒಟ್ಟಿಗೆ ಕೂಗಿದವು.

ಈಶ್ವರ್‌ನ ಎದೆ ಒಂದು ಗೇಣು ಉಬ್ಬಿತು. ಯಾರಾದರೂ ಪತ್ರಿಕೆ ಕೇಳಬಹುದೆಂದು ಎರಡು ಹೆಜ್ಜೆ ಮುಂದೆ ಬಂದ.

“ಅಕ್ಕಾ, ಆ ಏಳನೇ ಭಾಗ ನಿಮ್ಮತ್ರ ಐತಾ? ಮೊದ್ಲು ನಂಗ ಕೊಡ್ರಿ” ಎಂದಳು ಸುನೀತಾ.