ಅತ್ತೆ ಹೇಳದೆ ಬಂದ ಸಾಕ್ಷಿ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಅತ್ತೆ ಅಂದು ನೀಲಿ ಸೀರೆ ಉಟ್ಟಿದ್ದಳೆಂದು ನನ್ನ ನೆನಪು. ಅಂದು ತೆಗೆದ ಫೋಟೊದಲ್ಲಿ ಅದು ಹಸಿರು. ನಡೆದದ್ದು ತೆಲಂಗಾಣದ ನಾರಾಯಣಪೇಟೆಯಲ್ಲಿ ಎಂಬುದಷ್ಟೇ ಖಚಿತ.

ಅತ್ತೆ ನನ್ನ ಅಪ್ಪನ ತಂಗಿ, ನೇಕಾರರ ಮನೆಯ ಸೊಸೆ. ಆ ಮನೆಯಿಂದ ಚರ್ಚಿಗೆ ಹೋಗುವವಳು ಅವಳೊಬ್ಬಳೇ. ವರ್ಷಗಟ್ಟಲೆ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತು ಬಂದವಳು, ಆ ಈಸ್ಟರ್ ಬೆಳಗಿನ ಪ್ರಾರ್ಥನೆಯಲ್ಲಿ ಸಾಕ್ಷಿ ಹೇಳಲು ಒಪ್ಪಿದ್ದಳು: ದೇವರು ತನಗೇನು ಮಾಡಿದ ಎಂದು ಎಲ್ಲರೆದುರು ನಿಂತು ಹೇಳುವುದು. ಅದನ್ನು ಕೇಳಲೆಂದೇ ನಾನು ಹೈದರಾಬಾದಿನಿಂದ ಬಂದಿದ್ದೆ.

ಅದೇ ಬೆಳಿಗ್ಗೆ ಮನೆಮುಂದಿನ ಓಣಿಯಲ್ಲಿ ಮಗ್ಗಕ್ಕೇರಿಸುವ ಹಾಸುನೂಲನ್ನು ಉದ್ದಕ್ಕೆ ಎಳೆದು ಕಟ್ಟಿ ಗಂಜಿ ಹಚ್ಚುವುದಿತ್ತು. ಬಿಸಿಲೇರಿದರೆ ಗಂಜಿ ಬೇಗ ಒಣಗಿ ಎಳೆಗಳು ಅಂಟಿಕೊಳ್ಳುತ್ತವೆ. ಗಂಜಿ ಸವರುವ ಕುಂಚ ಎಳೆಯಲು ಎರಡು ಬದಿಗೂ ಆಳು ಬೇಕು. ಮಾವನ, ಅಂದರೆ ಅವಳ ಗಂಡನ, ಎದುರು ಬದಿಗೆ ಯಾವಾಗಲೂ ಅತ್ತೆಯೇ.

“ನಿಮ್ಮ ದೇವ್ರು ಎದ್ದಾನಂತಲ್ಲ, ಕುಂಚ ಹಿಡಿಯಾಕ ಬರ್ತಾನೇನು ಕೇಳು,” ಅಂದರು ಮಾವ, ಅವಳು ಚರ್ಚಿಗೆ ಹೊರಟಾಗ.

“ಅಂವ ಮೂರು ದಿನಕ್ಕ ಎದ್ದಾನ್ರೀ. ನೀವು ಮೊದ್ಲ ಐದಕ್ಕ ಏಳೂದು ಕಲೀರಿ,” ಅಂದಳು ಅತ್ತೆ.

“ಬಿಸಿಲು ಬೀಳೂದ್ರಾಗ ಬಾ ಮತ್ತ.”

ಚರ್ಚಿನ ಹಿಂದಿನ ಬಯಲಿನಲ್ಲಿ ತಾಡಪತ್ರಿ ಹಾಸಿದ್ದರು. ಪ್ರಾರ್ಥನೆ, ಹಾಡು ಎಲ್ಲ ತೆಲುಗಿನಲ್ಲಿ. ಜನ ಪೂರ್ವಕ್ಕೆ ಮುಖಮಾಡಿ ಸೂರ್ಯನಿಗಾಗಿ ಕಾಯುತ್ತಿದ್ದರು. ಅತ್ತೆ ಮಾತ್ರ ಅವನು ತಡಮಾಡಲಿ ಎಂದುಕೊಳ್ಳುತ್ತಿದ್ದಳೇನೋ. ಇದು ನನ್ನ ಊಹೆ. ಅವಳಿಗಿಂತ ಮುಂಚೆ ಸಾಕ್ಷಿಗೆ ನಿಂತ ನಿವೃತ್ತ ಮೇಷ್ಟ್ರು ಮಂಡಿ ಆಪರೇಷನ್ನಿನಿಂದ ಶುರುಮಾಡಿ ಮಗಳ ಮದುವೆಯ ಮಾತಿಗೆ ಬಂದರೂ ಮುಗಿಸಲಿಲ್ಲ. ಬೇವಿನ ಮರದ ತುದಿ ಕೆಂಪಾಯಿತು.

“ಬೆಳಕಾತು, ಅತ್ತಿ,” ಅಂದೆ. ಅಂದೆನೋ, ಬರೀ ಅಂದುಕೊಂಡೆನೋ ಈಗ ಹೇಳಲಾರೆ. ಅತ್ತೆ ಸಾಕ್ಷಿ ಬರೆದುಕೊಂಡಿದ್ದ ಚೀಟಿ ಮಡಚಿ ರವಿಕೆಯೊಳಗಿಟ್ಟು, ಚಪ್ಪಲಿ ಹುಡುಕಿಕೊಂಡು ಹೊರಟಳು. ನಾನೂ ಹಿಂದೆ ಹೋದೆ. ಮೈಕಿನಲ್ಲಿ ಅವಳ ಹೆಸರು ಕರೆದಾಗ ನಾವು ರಸ್ತೆಯ ತಿರುವಿನಲ್ಲಿದ್ದೆವು. ಅವಳು ನಿಂತಳು, ಮತ್ತೆ ನಡೆದಳು.

ನನ್ನ ಅವತ್ತಿನ ಡೈರಿಯಲ್ಲಿ ಬರೆದಿರುವುದು ಒಂದೇ ಸಾಲು: ಗಂಜಿ ಚೆನ್ನಾಗಿ ಹಿಡಿಯಿತು. ಆಮೇಲಿನ ಈಸ್ಟರ್‌ಗಳಿಗೂ ಅತ್ತೆ ಹೋಗುತ್ತಾಳೆ, ಹಿಂದಿನ ಸಾಲಿನಲ್ಲಿ ಕೂರುತ್ತಾಳೆ. ಸಾಕ್ಷಿಗೆ ಮತ್ತೆ ಹೆಸರು ಕೊಟ್ಟಿಲ್ಲ. ಹೋದ ತಿಂಗಳು ಫೋನಿನಲ್ಲಿ ಕೇಳಿದೆ:

“ಅತ್ತಿ, ಅವತ್ತು ನಾ ಬಾಯಿ ಮುಚ್ಕೊಂಡು ಕುಂತಿದ್ರ ನೀ ನಿಂತು ಸಾಕ್ಷಿ ಹೇಳ್ತಿದ್ದಿಯೇನು?”