ಮಾಟಗಾತಿಯನ್ನು ಕೊಲ್ಲದ ಮೇಷ್ಟ್ರು

ಸಿಟ್ಟು ಬಂದರೆ ವೀರಭದ್ರಪ್ಪ ಮೇಷ್ಟ್ರು ಹಾರ್ಮೋನಿಯಮ್ಮಿನ ಒಂದೇ ಸ್ವರವನ್ನು ಒತ್ತಿ ಹಿಡಿದು ಕೂರುತ್ತಿದ್ದರು. ಎದುರಿಗಿದ್ದ ರಾಜನಿಗೆ ಮಾತು ಮರೆಯುತ್ತಿತ್ತು. ಮಂತ್ರಿ ಬೀಡಿ ಆರಿಸುತ್ತಿದ್ದ. ಸೊರಬದ ಸುತ್ತಿನ ಹಳ್ಳಿಗಳಲ್ಲಿ ರೈತರಿಗೆ ನಾಟಕ ಕಲಿಸುವುದು ಅವರ ಕಸುಬು. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ ನಾನು ರಜೆಯಲ್ಲಿ ಬಂದಾಗ ಪರದೆಯ ಹಿಂದೆ ನಿಂತು ಮಾತು ಎತ್ತಿಕೊಡುತ್ತಿದ್ದೆ.

ಐವತ್ತರ ದಶಕದ ಕೊನೆ. ಓದಿದವರೆಲ್ಲ ಮೆಚ್ಚಿದ್ದ ಹಳೆಯ ಮಾಯಾಲೋಕದ ಕಾದಂಬರಿಯೊಂದನ್ನು ಅವರು ಕುಪ್ಪಗಡ್ಡೆ ಊರಿನವರಿಗಾಗಿ ನಾಟಕ ಮಾಡಿದರು. ಅದರ ಕೊನೆಯಲ್ಲಿ ಮಾಟಗಾತಿ, ತಾನೇ ಕಲ್ಲಾಗಿಸಿದ್ದ ಊರಿಗೆ ಜೀವ ಕೊಟ್ಟು ಕಾಡಿಗೆ ನಡೆದುಹೋಗುತ್ತಾಳೆ. ಕಾದಂಬರಿಕಾರರು ಬದುಕಿದ್ದಾಗ ಮೇಷ್ಟ್ರಿಗೆ ಬಾಯಿಮಾತಿನಲ್ಲಿ ಒಪ್ಪಿಗೆ ಕೊಟ್ಟಿದ್ದರಂತೆ. ಅವರು ತೀರಿಕೊಂಡ ಮೇಲೆ ಅವರ ಅಳಿಯ ಹಕ್ಕನ್ನೆಲ್ಲ ಒಂದು ನಾಟಕ ಕಂಪನಿಗೆ ಬರೆದುಕೊಟ್ಟಿದ್ದ. ಆ ಕಂಪನಿ ಆಗ ಶಿಕಾರಿಪುರದಲ್ಲಿ ಕ್ಯಾಂಪ್ ಹಾಕಿತ್ತು.

ತಾಲೀಮಿನ ನಡುವೆ ಕಂಪನಿಯ ಮ್ಯಾನೇಜರ್ ಬಂದ. ಆಡುವುದಾದರೆ ತಮ್ಮ ಪ್ರತಿಯಂತೆಯೇ ಆಡಬೇಕು, ಇಲ್ಲದಿದ್ದರೆ ಕೋರ್ಟು ಎಂದ. ಅವರ ಪ್ರತಿಯಲ್ಲಿ ರಾಜ ಮಾಟಗಾತಿಯ ತಲೆ ಕಡಿಯುತ್ತಾನೆ. ಜನಕ್ಕೆ ಅದೇ ಬೇಕಂತೆ.

"ಬರೆದೋರೇ ಕೊಲ್ಲಲಿಲ್ಲ. ನೀವ್ಯಾರ್ರೀ ಕೊಲ್ಲೋಕೆ?" ಎಂದರು ಮೇಷ್ಟ್ರು.

"ಹಕ್ಕು ನಮ್ದೈತ್ರೀ." ಮ್ಯಾನೇಜರ್ ಮಾಟಗಾತಿಯ ಪಾತ್ರದ ಬಸಣ್ಣನ ಕಡೆ ತಿರುಗಿದ. "ಈ ಯಪ್ಪನ ತಲೆ ಏನ್ ಖರೇನ ಹೋಗಂಗಿಲ್ಲ ಬಿಡ್ರಿ."

ಎಲ್ಲರೂ ನಕ್ಕರು, ಬಸಣ್ಣನೂ. ಮೇಷ್ಟ್ರು ಕಂಪನಿಯ ಪ್ರತಿಯನ್ನು ಇಸಿದುಕೊಂಡು ಅದರಂತೆಯೇ ತಾಲೀಮು ಮುಂದುವರಿಸಿದರು. ಒಪ್ಪಿದರೆಂದೇ ನಾವು ತಿಳಿದೆವು.

ಆಟದ ದಿನ ರಾಜ ಕತ್ತಿ ಎತ್ತುವ ಮೊದಲೇ ಪರದೆ ಇಳಿಸಿ ಮೇಷ್ಟ್ರು ಮುಂದೆ ಬಂದರು. "ಇಲ್ಲಿಂದಾಚೆ ಕಂಪನಿಯೋರ ಆಸ್ತಿ. ನಾವು ಮುಟ್ಟಂಗಿಲ್ಲ. ಪುಸ್ತಕ ಓದಿದೋರು ಓದದೇ ಇರೋರಿಗೆ ಮುಂದಿನ ಕಥೆ ಹೇಳ್ಕಂಡು ಮನೆಗ್ ಹೋಗಿ." ಮೊದಲು ಕೂಗಾಟ, ಆಮೇಲೆ ಹೆಂಗಸರು ಚಾಪೆ ಸುತ್ತುತ್ತಲೇ ಕಥೆ ಮುಗಿಸತೊಡಗಿದರು. ಹೀಗೆಂದು ನನ್ನ ನೆನಪು. ಮೇಷ್ಟ್ರು ಅಷ್ಟು ಹೇಳಿದರೋ, ನಾನು ಸೇರಿಸಿಕೊಂಡೆನೋ, ಪ್ರಮಾಣ ಮಾಡಲಾರೆ. ನಾಟಕ ಕಲಿಸಲು ಅವರನ್ನು ಕರೆಸುವ ಊರಿನ ಮೇಲೂ ಕೇಸು ಹಾಕುತ್ತೇವೆಂದು ಕಂಪನಿ ಸಾರಿದ್ದು, ಆಮೇಲೆ ಯಾರೂ ಅವರನ್ನು ಕರೆಯದೆ ಹೋದದ್ದು ಮಾತ್ರ ನಿಜ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಕಾದಂಬರಿ ಮತ್ತೆ ಅಚ್ಚಾಗಲು ಕಂಪನಿ ಬಿಡಲಿಲ್ಲ. ತಲೆ ಕಡಿಯುವ ಕಂಪನಿ ನಾಟಕದ ಪುಸ್ತಕ ಮಾತ್ರ ಸಂತೆಗಳಲ್ಲೆಲ್ಲ ಬಿಕರಿಯಾಯಿತು.

ಮೇಷ್ಟ್ರು ನನಗೆ ಕೊನೆಯ ಸಲ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ, ಸೊರಬದ ಬಸ್ ಸ್ಟ್ಯಾಂಡಿನಲ್ಲಿ. ಕುಶಲ ಕೇಳುವ ಮೊದಲೇ ನನ್ನ ತೋಳು ಹಿಡಿದರು.

"ತಮ್ಮಾ, ನೀನು ಪುಸ್ತಕ ಓದಿದೋನು. ಅವಳು ಕಾಡಿಗ್ ಹೋದ್ಲು ಅಲ್ವಾ? ಈಗ ಯಾರನ್ನ ಕೇಳಿದ್ರೂ ಇಲ್ಲ ಅಂತಾರೆ."

"ಹೋದಳು ಮೇಷ್ಟ್ರೇ," ಎಂದೆ. ಹೇಳುವಾಗ ಆ ಕಾಡನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದೆ. ಬಂದದ್ದು ಕಡಿದ ತಲೆ.